ಲೆಫ್ಟ್ ಆಯ್ತು, ಈಗ ಎತ್ತ?

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಮಂಗಾಟ ಆಡಿದ್ದು ನಾನೇ. ಆ ಸ್ವರ ತೆಗೆದ ಬಾಯಿ ನನ್ನದು. ಮಿಮಿಕ್ರಿ ಮಾಡುವವನು "ದೇವರಾಣೆ, ನಿಜವಾಗಿ ನಡೆದದ್ದು" ಅಂದರೆ ಹೆತ್ತ ಅಮ್ಮನೂ ನಂಬುವುದಿಲ್ಲ, ನನ್ನಮ್ಮನಂತೂ ನನ್ನ ಫೋನ್ ಬಂದರೆ "ಇದು ನೀನೋ, ನೀನು ಮಾಡುತ್ತಿರುವ ಬೇರೆ ಯಾರೋ?" ಅಂತ ಕೇಳಿಯೇ ಮಾತು ಶುರುಮಾಡುವುದು. ಆದರೂ ಇದು ನಡೆದದ್ದು. ಮುಗಿದಿದೆಯಾ ಅಂತ ಮಾತ್ರ ಕೇಳಬೇಡಿ...

ನಾನು ಸಚ್ಚು. ದೋಹಾದ ಮುಶೈರಿಬ್‌ನಲ್ಲಿ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ. ಕಾರ್ಡಿನಲ್ಲಿ 'ಟೂರ್ ಕೋ-ಆರ್ಡಿನೇಟರ್' ಅಂತ ಉಂಟು. ಅಂದರೆ ಸೂಟ್‌ಕೇಸ್ ಹೊರುವವನು. ಊರಿನವರ ಕಾರ್ಯಕ್ರಮಗಳಲ್ಲಿ ಎಲ್ಲರ ಸ್ವರ ತೆಗೆಯುತ್ತೇನೆ. "ಎರಡೇ ಮಾತು" ಅಂತ ಎದ್ದು ಊಟ ಆರುವವರೆಗೆ ನಿಲ್ಲಿಸದ ಅಧ್ಯಕ್ಷರದ್ದು, ಅರಬಿ ಬಂದಂತೆ ನಟಿಸುವ ನಮ್ಮ ಬಾಸಿನದ್ದು, ರಜೆ ಕೇಳುವಾಗ ಕೋಳಿಮರಿಯಂತಾಗುವ ನನ್ನದೇ ಸ್ವರವನ್ನೂ.

ಆ ಚಳಿಗಾಲ ನಮ್ಮ ಆಫೀಸಿನಿಂದ ಹಳೆಯ ಪರ್ಷಿಯಾದ ಟೂರು ಹೊರಟಿತು. ಶಿರಾಜ್, ಇಸ್ಫಹಾನ್, ಯಜ್ದ್. ಗೈಡ್ ಫರ್ಹಾದ್ ಸಾಬ್, ದೋಹಾದಲ್ಲೇ ತಲೆ ಬೆಳ್ಳಗಾದ ಇರಾನಿ. ಸೂಕ್ ವಾಕಿಫ್‌ನ ಅಂಗಡಿಗಳಲ್ಲಿ ಕಲಿತ ಹಿಂದಿ, ಎಳೆದೆಳೆದು ಆಡುವ ಮಾತು. "ಮೈ ಫ್ರೆಂ...ಡ್ಸ್, ಇದರ್ ದೇಖೋ..." ಮೊದಲ ದಿನವೇ ಅದು ನನ್ನ ನಾಲಿಗೆಗೆ ಹತ್ತಿಬಿಟ್ಟಿತು.

ಫರ್ಹಾದ್ ಸಾಬ್ ಗುಂಪಿನ ಮುಂದೆ ಕೂಗುತ್ತಾ ಹೋಗುವವರಲ್ಲ. ಅವರ ಅಂಗಿಗೆ ಒಂದು ಮೈಕು. ಉಳಿದ ಎಲ್ಲರ ಕೊರಳಲ್ಲಿ ಬೆಂಕಿಪೊಟ್ಟಣದಷ್ಟು ರಿಸೀವರ್, ಕಿವಿಯಲ್ಲಿ ಇಯರ್‌ಫೋನು. ರಿಸೀವರಿಗೆ ಕೇಳಲಿಕ್ಕೆ ಮಾತ್ರ ಗೊತ್ತು, ಮಾತಾಡಲಿಕ್ಕೆ ಬರುವುದಿಲ್ಲ. ಇದೊಂದು ನೆನಪಿಟ್ಟುಕೊಳ್ಳಿ. ಬ್ಯಾಟರಿ ಕೈಕೊಟ್ಟರೆ ಇರಲಿ ಅಂತ ಇನ್ನೊಂದು ಮೈಕು ನನ್ನ ಹತ್ತಿರ. ಗುಂಪಿನ ಬಾಲದಲ್ಲಿ ನಡೆದು, ಯಾರೂ ಹಿಂದೆ ಉಳಿಯದಂತೆ ನೋಡುವುದು ನನ್ನ ಕೆಲಸ.

ಯಾರೂ ಹಿಂದೆ ಉಳಿಯದಂತೆ...

ಟೂರಿನಲ್ಲಿ ನಮ್ಮ ವಾಸಣ್ಣ ಇದ್ದರು. ಇಂಡಸ್ಟ್ರಿಯಲ್ ಏರಿಯಾದಲ್ಲಿ ಕಂಪನಿ ಬಸ್ಸುಗಳ ಸೂಪರ್‌ವೈಸರ್. ಕತಾರಿನ ರಸ್ತೆಗಳೆಲ್ಲ ಮರಳಾಗಿದ್ದಾಗಿನಿಂದ ಬಲ್ಲವರು. ಫೋನಿನ ಮ್ಯಾಪಿನ ಹೆಂಗಸು "ಟರ್ನ್ ರೈಟ್" ಅಂದರೆ ಅವಳಿಗೇ ಬೈಯುತ್ತಿದ್ದರು: "ನೀನು ಸುಮ್ಮನಿರು ತಂಗಿ, ನನಗೆ ಗೊತ್ತುಂಟು." ಕೆಲಸ ಬಿಟ್ಟು, ಮರಳಿ ಬಾರದವರ ಫೈನಲ್ ಎಕ್ಸಿಟ್ ಹಾಕಿಯಾಗಿತ್ತು. ಗಂಡ ಹೆಂಡತಿ ಇಬ್ಬರೂ ಊರಿಗೆ ಹೊರಡುವ ಮುಂಚೆ ಇದೊಂದು ಟೂರು. ಹೆಂಡತಿ ಶಾರದಕ್ಕ ಮೊಣಕಾಲು ನೋವು ಅಂತ ದೋಹಾದಲ್ಲೇ ಉಳಿದರು.

ಇಸ್ಫಹಾನ್‌ನ ದೊಡ್ಡ ಮಸೀದಿಯ ಗುಮ್ಮಟದ ಕೆಳಗೆ ನಟ್ಟನಡುವೆ ನಿಂತು ಫರ್ಹಾದ್ ಸಾಬ್ ಒಮ್ಮೆ ಕಾಲು ಅಪ್ಪಳಿಸಿದರು. ಸದ್ದು ಮೇಲೆ ಹೋಗಿ ಮತ್ತೆ, ಮತ್ತೆ, ಮತ್ತೆ ಬಂತು. ನಾನು ಬಿಡುತ್ತೇನೆಯೇ? ಅದೇ ಕಲ್ಲಿನ ಮೇಲೆ ನಿಂತು ಅವರದೇ ಸ್ವರದಲ್ಲಿ "ಮೈ ಫ್ರೆಂ...ಡ್ಸ್" ಅಂದೆ. ಗುಮ್ಮಟವೂ ಅಂದಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಫರ್ಹಾದ್ ಸಾಬ್ ನಗಲಿಲ್ಲ. "ಏಕ್ ಫರ್ಹಾದ್ ಬಸ್ ಹೈ, ಬಾಬಾ. ದೂಸರಾ ಮತ್ ಬನಾವ್." ಒಬ್ಬ ಫರ್ಹಾದ್ ಸಾಕು, ಇನ್ನೊಬ್ಬನನ್ನು ಮಾಡಬೇಡ ಅಂತ.

ಯಜ್ದ್ ಕೊನೆಯ ಊರು. ಇಡೀ ಹಳೆ ಪೇಟೆ ಮಣ್ಣಿನದ್ದು. ಗೋಡೆ ಮಣ್ಣು, ಮಾಡು ಮಣ್ಣು, ಗಾಳಿ ಹಿಡಿಯುವ ಗೋಪುರಗಳೂ ಮಣ್ಣು. ಓಣಿಗಳು ಅಲ್ಲಲ್ಲಿ ಮೇಲಿನಿಂದ ಮುಚ್ಚಿ ಸುರಂಗದಂತಾಗುತ್ತವೆ. ಸಂಜೆ ಯಾರೋ ನೀರು ಚಿಮುಕಿಸಿದ್ದರು. ಹಸಿ ಮಣ್ಣಿನ ತಣ್ಣನೆ ವಾಸನೆ. ಒಂದು ಹಳೆ ಬಾಗಿಲಿನ ಎದುರು ಫರ್ಹಾದ್ ಸಾಬ್ ನಿಂತರು. ಅದಕ್ಕೆ ಬಡಿಯುವ ಕಬ್ಬಿಣಗಳು ಎರಡು. ಗಂಡಸರಿಗೆ ದಪ್ಪ ಪಟ್ಟಿ, ಹೆಂಗಸರಿಗೆ ತೆಳು ಬಳೆ. "ಅಂದರ್‌ವಾಲಾ ಸುನ್‌ಕೆ ಸಮಝ್‌ತಾ, ಬಾಹರ್ ಕೌನ್ ಹೈ." ಬಡಿದ ಸದ್ದಿನಲ್ಲೇ ಒಳಗಿನವರಿಗೆ ಹೊರಗೆ ಯಾರು ಅಂತ ತಿಳಿಯುತ್ತದಂತೆ. ದಪ್ಪದ್ದನ್ನು ಬಡಿದು ತೋರಿಸಿದರು. ಢಣ್...

ಗುಂಪು ಮುಂದೆ ಹೋಯಿತು. ವಾಸಣ್ಣ ಫೋಟೋ ತೆಗೆಯಲು ಆ ಬಾಗಿಲಿನ ಹತ್ತಿರ ಉಳಿದದ್ದು ನನಗೆ ಗೊತ್ತಿರಲಿಲ್ಲ. ಬಾಲದಲ್ಲಿ ಇರಬೇಕಾದ ನಾನು ಹುಡುಗಿಯರ ಗುಂಪಿನ ಹಿಂದೆ ಇದ್ದೆ. ಅವರನ್ನು ನಗಿಸಲಿಕ್ಕೆ ಮೈಕು ಆನ್ ಮಾಡಿ ಫರ್ಹಾದ್ ಸಾಬ್ ಸ್ವರ ತೆಗೆದೆ:

"ಮೈ ಫ್ರೆಂ...ಡ್ಸ್, ಲೆಫ್ಟ್ ಸೈಡ್ ಆಜಾವ್... ಗರಂ ಚಾಯ್... ಸಬ್ ಫ್ರೀ..."

ಎಲ್ಲರಿಗೂ ಎದುರಿಗೇ ಫರ್ಹಾದ್ ಸಾಬ್ ಕಾಣುತ್ತಿದ್ದರಲ್ಲ, ನಕ್ಕರು. ಕಾಣದೇ ಇದ್ದವರು ಒಬ್ಬರು. ಚಾ ಅಂದರೆ ಪ್ರಾಣ ಬಿಡುವವರು.

ವಾಸಣ್ಣ ಸಿಗಲಿಲ್ಲ. ಪೊಲೀಸರು ಮನೆ ಮನೆ ಕೇಳಿದರು, ಬಾವಿಗಿಳಿದರು. ಫರ್ಹಾದ್ ಸಾಬ್ ಓಣಿ ಓಣಿಗೂ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡರು. ಆ ಬಾಗಿಲಿನ ಎಡಗಡೆ ಇದ್ದದ್ದು ಬರೀ ಗೋಡೆ. ಓಣಿಯೇ ಇಲ್ಲ... ನಾವು ಅವರ ಸೂಟ್‌ಕೇಸು ಹಿಡಿದುಕೊಂಡು ದೋಹಾಕ್ಕೆ ಬಂದೆವು.

ಆಮೇಲೆ ಆ ಕಡೆಯ ವಿಮಾನಗಳೇ ನಿಂತವು. ಹುಡುಕಲು ಹೋಗುತ್ತೇನೆ ಅಂದರೂ ದಾರಿ ಇಲ್ಲ. ಶಾರದಕ್ಕ ಹೊರಡುವ ದಿನವನ್ನು ಮುಂದೂಡಿದರು, ಮತ್ತೆ ಮುಂದೂಡಿದರು. "ಅವರು ಬಂದು ಬೀಗ ಹಾಕಿದ ಮನೆ ನೋಡಿದರೆ?" ಅನ್ನುತ್ತಿದ್ದರು. ಕೊನೆಗೆ ವೀಸಾ ಮುಗಿಯುತ್ತಾ ಬಂತು. ಆ ಶುಕ್ರವಾರಕ್ಕೆ ಟಿಕೆಟ್ಟು.

ಅದೇ ವಾರ ಬಾಸ್ ಹೇಳಿದರು: "ಆ ಇಯರ್‌ಫೋನ್ ಸೆಟ್ಟು ಮಾರಿಬಿಡುವ. ಚಾರ್ಜ್ ಮಾಡಿ, ಚೆಕ್ ಮಾಡಿ ಇಡು. ಯಲ್ಲಾ, ಬೇಗ!"

ಸೆಟ್ಟುಗಳಿದ್ದದ್ದು ಇಂಡಸ್ಟ್ರಿಯಲ್ ಏರಿಯಾದ ನಮ್ಮ ಸ್ಟೋರಿನಲ್ಲಿ. ಆಫೀಸು ಮುಗಿಸಿ ಹೋಗುವಾಗ ಕತ್ತಲಾಗಿತ್ತು. ಹೊರಗೆ ಕಾರ್ಮಿಕರನ್ನು ಇಳಿಸಿ ಹೋಗುವ ಬಸ್ಸುಗಳ ಸದ್ದು, ಒಳಗೆ ಡೀಸೆಲ್ ಮತ್ತು ರಬ್ಬರಿನ ವಾಸನೆ. ಪೆಟ್ಟಿಗೆ ತೆರೆದು ಪ್ಲಗ್ ಹಾಕಿದೆ. ಪ್ರತಿ ರಿಸೀವರಿಗೂ ಒಂದು ಗೂಡು, ಗೂಡಿಗೊಂದು ದೀಪ. ಎಲ್ಲ ಕೆಂಪಾದವು.

ಖಾಲಿ ಗೂಡಿನದ್ದೂ.

ವಾಸಣ್ಣನ ಗೂಡು ಅದು. ಅದರಲ್ಲಿ ರಿಸೀವರ್ ಇಲ್ಲ, ಚಾರ್ಜ್ ಆಗಲಿಕ್ಕೆ ಏನೂ ಇಲ್ಲ. ಶಾರ್ಟ್ ಸರ್ಕ್ಯೂಟು ಅಂದುಕೊಂಡೆ. ನೋಡುತ್ತಿದ್ದಂತೆ ಎಲ್ಲಕ್ಕಿಂತ ಮೊದಲು ಅದೇ ಹಸಿರಾಯಿತು...

ಡೀಸೆಲ್ ವಾಸನೆ ಹೋಗಿತ್ತು. ಹಸಿ ಮಣ್ಣು. ತಣ್ಣಗೆ.

ಪೆಟ್ಟಿಗೆಯಲ್ಲಿದ್ದ ಇಯರ್‌ಫೋನುಗಳೆಲ್ಲ ಒಟ್ಟಿಗೆ ಪಿಸುಗುಟ್ಟಲು ಶುರುಮಾಡಿದವು. ಒಂದನ್ನು ಕಿವಿಗೆ ಇಟ್ಟೆ. ಚಪ್ಪಲಿ ಎಳೆಯುವ ಸದ್ದು. ಏದುಸಿರು. ಆಮೇಲೆ ವಾಸಣ್ಣನ ಸ್ವರ.

"ಫರ್ಹಾದ್ ಸಾಬ್... ಲೆಫ್ಟ್ ಆಯ್ತು. ಈಗ ಎತ್ತ?"

ಮೈಕು ಎರಡೂ ನನ್ನ ಎದುರಿಗೆ, ಮೇಜಿನ ಮೇಲೆ. ಎರಡೂ ಆಫ್.

ನಾನೇನು ಮಾಡಿದೆ ಗೊತ್ತಾ? ಓಡಬೇಕಿತ್ತು. ಒಂದು ಮೈಕು ಆನ್ ಮಾಡಿ, ಫರ್ಹಾದ್ ಸಾಬ್ ಸ್ವರದಲ್ಲೇ, ಅಳುತ್ತಾ ಹೇಳಿದೆ: "ರೈಟ್... ರೈಟ್ ಆಜಾವ್... ಅಬ್ ಸೀದಾ..." ಚಪ್ಪಲಿ ಸದ್ದು ಬಿರುಸಾಯಿತು. ಹತ್ತಿರವಾಯಿತು. ಢಣ್... ಬಾಗಿಲು ಬಡಿದ ಹಾಗೆ. ಮತ್ತೆ ಅದೇ: "ಆಯ್ತು. ಈಗ ಎತ್ತ?"

ಫರ್ಹಾದ್ ಸಾಬ್‌ಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳುವ ಮುಂಚೆಯೇ ಅವರು, "ಅಬ್ ಉಸ್ಕಾ ಆವಾಜ್ ಭೀ? ಶರಮ್ ಕರ್. ಖಲಾಸ್," ಈಗ ಅವನ ಸ್ವರವನ್ನೂ ತೆಗೆಯುತ್ತೀಯಾ, ನಾಚಿಕೆಯಾಗಬೇಕು, ಮುಗಿಯಿತು ಅಂತ ಫೋನ್ ಇಟ್ಟುಬಿಟ್ಟರು. ತಪ್ಪೇನಿಲ್ಲ. ಎಲ್ಲರ ಸ್ವರ ತೆಗೆಯುವವನು ಯಾರ ಸ್ವರ ಕೇಳಿದೆ ಅಂದರೂ ಅದು ಅವನದ್ದೇ ಅಂತ ಆಗುತ್ತದೆ.

ಕೊನೆಗೆ ಶಾರದಕ್ಕನನ್ನು ಕರೆದೆ. ಟ್ಯಾಕ್ಸಿಯಲ್ಲಿ ಬಂದರು. ಕುಂಟುತ್ತಾ ಒಳಗೆ ಬಂದು ಮೊದಲು ಮೂಗೆಳೆದುಕೊಂಡರು.

"ಇಲ್ಲಿ ಮಳೆ ಬಂತಾ?"

"ಇಲ್ಲ ಶಾರದಕ್ಕ... ಒಂದು ವಿಷಯ ಹೇಳಲಿಕ್ಕುಂಟು. ಆ ದಿನ ಲೆಫ್ಟ್ ಅಂತ ಹೇಳಿದ್ದು ಫರ್ಹಾದ್ ಸಾಬ್ ಅಲ್ಲ..."

"ಗೊತ್ತುಂಟು. ಟೂರಿಗೆ ಹೋದವರೆಲ್ಲ ಒಬ್ಬೊಬ್ಬರಾಗಿ ಮನೆಗೆ ಬಂದು ಹೇಳಿ ಹೋಗಿದ್ದಾರೆ. ನೀನೊಬ್ಬ ಬಾಕಿ ಇದ್ದೆ." ಕೈ ಚಾಚಿದರು. "ಕೊಡು ಅದನ್ನು."

ಒಂದು ಇಯರ್‌ಫೋನು ಅವರ ಕಿವಿಗೆ, ಒಂದು ನನ್ನದಕ್ಕೆ. ಮೈಕು ಅವರ ಕೈಗೆ ಕೊಟ್ಟೆ. ಶಾರದಕ್ಕ ನನ್ನ ತುಟಿಗಳನ್ನೇ ನೋಡುತ್ತಿದ್ದರು, ಅಲ್ಲಾಡುತ್ತವೆಯೇ ಅಂತ. ನಾನು ಹಲ್ಲು ಕಚ್ಚಿ ಬಾಯಿ ಮುಚ್ಚಿಕೊಂಡಿದ್ದೆ.

ಚಪ್ಪಲಿ ಸದ್ದು ಬಂತು. ಏದುಸಿರು ಬಂತು. ಅವರ ಮುಖ ಕರಗಿತು.

"ಓಯ್," ಅಂದರು ಮೆಲ್ಲಗೆ. "ನಾನು."

ಸದ್ದೆಲ್ಲ ನಿಂತಿತು. ಆಮೇಲೆ ವಾಸಣ್ಣನ ಸ್ವರ, ಮನೆಯಲ್ಲಿ ಆಡುವ ತುಳುವಿನಲ್ಲಿ: "ಶಾರದಾ... ಓಡೆ ಪೋವೊಡು?" ಎಲ್ಲಿಗೆ ಹೋಗಬೇಕು ಅಂತ. ಮತ್ತೆ ಇನ್ನೂ ಮೆಲ್ಲಗೆ, "ಮನೆಗೆ ದಾರಿ ಹೇಳು... ನಮ್ಮ ಮನೆ ಎಲ್ಲಿ, ಹೇಳು..."

ನನಗೆ ತಡೆಯಲಾಗಲಿಲ್ಲ. ಅವರ ಮನೆ ದೋಹಾದ ನಜ್ಮಾದಲ್ಲಿ, ಬೇಕರಿ ಹಿಂದಿನ ಕಟ್ಟಡ ಅಂತ ಹೇಳಲು ಬಾಯಿ ತೆರೆದೆ. ಶಾರದಕ್ಕನ ಅಂಗೈ ಬಂದು ನನ್ನ ಬಾಯಿಯನ್ನು ಒತ್ತಿ ಮುಚ್ಚಿತು. ಇನ್ನೊಂದು ಕೈಯಿಂದ ಅವರು ಪ್ಲಗ್ ಕಿತ್ತರು. ದೀಪಗಳೆಲ್ಲ ಆರಿದವು, ಆ ಒಂದು ಹಸಿರಿನ ಹೊರತು.

ಶುಕ್ರವಾರ ಅವರು ಒಬ್ಬರೇ ಊರಿಗೆ ಹೋದರು. ಸೆಟ್ಟು ಮಾರಿ ಹೋಯಿತು. ನಾನು ಈಗಲೂ ಎಲ್ಲರ ಸ್ವರ ತೆಗೆಯುತ್ತೇನೆ, ವಾಸಣ್ಣನದ್ದು ಮಾತ್ರ ಬರುವುದಿಲ್ಲ. ನನ್ನ ರೂಮಿನ ಬಾಗಿಲಿಗೆ ಬೆಲ್ ಉಂಟು. ಅದಿದ್ದೂ ಒಂದೊಂದು ರಾತ್ರಿ, ದಪ್ಪ ಕಬ್ಬಿಣ ಬಡಿದ ಹಾಗೆ... ಆ ರಾತ್ರಿ ರೈಟ್, ರೈಟ್, ಸೀದಾ ಅಂತ ಕರೆದವನು ನಾನಲ್ಲವೇ. ಎದ್ದು ತೆರೆಯುವುದಿಲ್ಲ. ತೆರೆಯದೇ ಇರಲಿಕ್ಕೆ ಅಂದು ಸ್ಟೋರಿನ ಹೊರಗೆ ಶಾರದಕ್ಕ ಆಡಿದ ಮಾತು ಸಾಕು.

"ಅದು ವಾಸಣ್ಣನೇ ಅಲ್ಲವಾ ಶಾರದಕ್ಕ? ಅವರದೇ ಸ್ವರ ಅಲ್ಲವಾ?" ಅಂತ ನಾನು ಗೋಗರೆದಿದ್ದೆ.

ಅವರು ಟ್ಯಾಕ್ಸಿಯ ಬಾಗಿಲು ಹಿಡಿದು, ತಿರುಗದೆ ಹೇಳಿದರು:

"ಸ್ವರ ಅವರದ್ದೇ, ಮಾರಾಯ. ಆದರೆ ನನ್ನ ಗಂಡ ಹುಟ್ಟಿದ ಮೇಲೆ ಒಬ್ಬರ ಹತ್ತಿರವೂ ದಾರಿ ಕೇಳಿದವರಲ್ಲ."