ಗಾಜಿನ ಮೇಲೆ ಎಳೆದ ಗೆರೆ

ಸರ್ ಅವರ ಬಲಗೈ ತೋರುಬೆರಳಿನ ತುದಿ ಯಾವಾಗಲೂ ಹಳದಿಯಾಗಿರುತ್ತಿತ್ತು. ನೈಟ್ರಿಕ್ ಆಮ್ಲದ ಕಲೆ. ಊಟಕ್ಕೆ ಕೂತಾಗ ಅದನ್ನು ನೋಡಿ ನನಗೆ ಹೇಸಿಗೆಯಾಗುತ್ತಿತ್ತು. ನಿಜವಾದ ಹೇಸಿಗೆ ಯಾವುದೆಂದು ಆಮೇಲೆ ತಿಳಿಯಿತು.

ಎಂಬತ್ತರ ದಶಕದ ಕೊನೆ. ಕಲಬುರಗಿಯ ಕಾಲೇಜೊಂದರ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ನಾನು ಹಂಗಾಮಿ ಸಹಾಯಕಿ. ಬಾಟಲಿಗಳ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಯುವುದೂ ನನ್ನ ಕೆಲಸವೇ. ಅಲ್ಲಿಗೆ ನನ್ನನ್ನು ಸೇರಿಸಿದವರು ನನಗೆ ಪಾಠ ಹೇಳಿದ್ದ ಈ ಸರ್. ದಿನಾ ಕಮಲಾಪುರದಿಂದ ಬಸ್ಸಿಗೆ ಬರುತ್ತಿದ್ದರು, ಚೀಲದಲ್ಲಿ ಊರಿನ ಕೆಂಪು ಬಾಳೆಹಣ್ಣು.

ಕಾಲೇಜಿಗಿದ್ದದ್ದು ಒಂದೇ ಕಂಪ್ಯೂಟರ್. ಅದಕ್ಕೆ ಕುಂಕುಮ ಹಚ್ಚಿದ್ದರು, ಚಪ್ಪಲಿ ಹೊರಗೆ ಬಿಡಿಸುತ್ತಿದ್ದರು, ಕೆಲಸ ಮಾತ್ರ ಯಾರೂ ಮಾಡುತ್ತಿರಲಿಲ್ಲ. ಸರ್ ಅದರಲ್ಲಿ ಒಂದು ಪ್ರೋಗ್ರಾಂ ಬರೆದರು. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಸಿಗುವ ಸಂಭವ ಹೆಚ್ಚಿದ್ದ ಕಡೆ ಅದು ಹೆಚ್ಚು ಚುಕ್ಕಿ ಇಡುತ್ತಿತ್ತು, ಕಡಿಮೆ ಇದ್ದ ಕಡೆ ಕಡಿಮೆ. ಒಂದು ಚಿತ್ರಕ್ಕೆ ಇಡೀ ಮಧ್ಯಾಹ್ನ ಬೇಕು. ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಸರ್ ಬಾಳೆಹಣ್ಣು ಸುಲಿಯುತ್ತಾ ಕಾಯುತ್ತಿದ್ದರು. ಕಪ್ಪು ಪರದೆಯ ಮೇಲೆ ನಾಲ್ಕು ಎಸಳಿನ ಹಸಿರು ಮೋಡ ಮೂಡುತ್ತಿತ್ತು.

"ನೋಡವ್ವಾ, ಅಂಚು ಎಲ್ಲದ ಹೇಳು? ತೆಳ್ಳಗ ಆಗ್ತಾ ಹೋಗ್ತದ, ಮುಗಿಯಂಗಿಲ್ಲ. ಪುಸ್ತಕದಾಗ ಸುತ್ತ ಗೆರಿ ಹಾಕಿ ಬಲೂನ್ ಥರ ತೆಗೀತಾರಲ್ಲ, ಅದು ನಮ್ಮ ಮೈಗಳ್ಳತನ."

ತಪಾಸಣಾ ಸಮಿತಿ ಬರುವ ದಿನ ವಿಭಾಗದ ಮುಖ್ಯಸ್ಥರು ಆ ಪರದೆಯನ್ನು ಕರವಸ್ತ್ರದಿಂದ ಒರೆಸಿದರು. ಚುಕ್ಕಿ ಹೋಗಲಿಲ್ಲ.

"ಧೂಳ ಕೂತಂಗ ಕಾಣ್ತದಲ್ರೀ. ಸುತ್ತ ಒಂದು ಗೆರಿ ಹಾಕ್ರಿ."

"ಇಲ್ಲದ ಗೆರಿ ನಾ ಹ್ಯಾಂಗ ಹಾಕಲಿ? ಆಗಂಗಿಲ್ರಿ," ಎಂದು ಸರ್ ಪಾಠಕ್ಕೆ ಹೋದರು.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. "ನಿಮ್ಮ ಕಾಯಂ ಕಾಗದ ನನ್ನ ಮೇಜಿನ ಮ್ಯಾಲೇ ಅದ, ಮೇಡಂ. ಬಣ್ಣದ ಡಬ್ಬಿ ತರ್ರಿ."

ಡಬ್ಬಿ ತಂದುಕೊಟ್ಟು ಸುಮ್ಮನಿರಲಿಲ್ಲ, ಕುಂಚವನ್ನೂ ನಾನೇ ಹಿಡಿದೆ. ಕಂಪ್ಯೂಟರಿನ ಗಾಜಿನ ಮೇಲೆಯೇ ನಾಲ್ಕೂ ಎಸಳಿನ ಸುತ್ತ ಬಿಳಿ ಗೆರೆ ಎಳೆದೆ. ಥೂ! ಸಮಿತಿಯವರು ವಾಹ್ ಎಂದರು. ಮುಖ್ಯಸ್ಥರು ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು.

ಸಂಜೆ ಸರ್ ಬಂದು ನೋಡಿದರು. ಹತ್ತಿಯನ್ನು ಅಸಿಟೋನಿನಲ್ಲಿ ಅದ್ದಿ, ಆ ಹಳದಿ ಬೆರಳಿನಿಂದ ನಿಧಾನವಾಗಿ ಒರೆಸಿದರು.

"ಕೈ ಛಲೋ ಅದ ನಿಂದು, ಅವ್ವಾ. ಗೆರಿ ಎಲ್ಲೂ ನಡುಗಿಲ್ಲ."

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮರುದಿನ ಎಂದಿನಂತೆ ನನಗೂ ಒಂದು ಬಾಳೆಹಣ್ಣು ಕೊಟ್ಟರು. ಸುಲಿಯದೆ ಚೀಲಕ್ಕೆ ಹಾಕಿಕೊಂಡೆ. ಕಂಪ್ಯೂಟರ್ ಕೋಣೆಗೆ ಮಾತ್ರ ಅವರು ಮತ್ತೆ ಕಾಲಿಡಲಿಲ್ಲ. ನಾನು ಕಾಯಂ ಆದೆ.

ಈಗ ಬಣ್ಣಬಣ್ಣದ ಅಣುಗಳು ಪರದೆಯ ಮೇಲೆ ಕ್ಷಣದಲ್ಲಿ ಗಿರಗಿರ ತಿರುಗುತ್ತವೆ. ನಾನು ಮಕ್ಕಳಿಗೆ ಮೊದಲು ಚುಕ್ಕಿಗಳನ್ನೇ ತೋರಿಸುತ್ತೇನೆ. ಅಷ್ಟು ಋಣವನ್ನಾದರೂ ಒಪ್ಪಿಕೊಳ್ಳಬೇಕಲ್ಲ.

ಹೋದ ವರ್ಷ ಸರ್ ಕಮಲಾಪುರದಲ್ಲಿ ತೀರಿಕೊಂಡರು. ಕಾಲೇಜಿನ ಶ್ರದ್ಧಾಂಜಲಿ ಸಭೆಗೆ ಹಳೆಯ ಮುಖ್ಯಸ್ಥರೂ ಬಂದಿದ್ದರು. "ನಾವಿಬ್ಬರೂ ಕೂಡಿ ಮಾಡಿದ ಚಿತ್ರ" ಎಂದು ಕಣ್ಣೊರೆಸಿಕೊಂಡರು.  ವೇದಿಕೆಯ ಮೇಲೆ, ಹಾರ ಹಾಕಿದ ಸರ್ ಭಾವಚಿತ್ರದ ಪಕ್ಕ ಇಟ್ಟಿದ್ದು ಅದೇ ಫೋಟೋ, ನಾನೆಳೆದ ಬಿಳಿ ಗೆರೆಯ ಪಕ್ಕ ಮುಖ್ಯಸ್ಥರು ನಿಂತದ್ದು. ಎದ್ದು ಹೇಳಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಮೌನಾಚರಣೆಗೆ ಎಲ್ಲರೂ ಎದ್ದರು. ನಾನೂ ಎದ್ದೆ, ಎಲ್ಲರ ಜೊತೆ ಸುಮ್ಮನೆ ನಿಂತು ಗೆರೆಯನ್ನೇ ನೋಡಿದೆ. ಎಲ್ಲೂ ನಡುಗಿರಲಿಲ್ಲ.