ತುಕ್ಕು ಹೇಳಿದ ಸಾಕ್ಷಿ

ಬೆಳಗಿನ ಐದೂವರೆ. ಕಾರ್ಖಾನೆಯ ಶೆಡ್ಡಿನಲ್ಲಿ ಮಂಡಿಯೂರಿದ ಅಪಘಾತ ತನಿಖೆಯ ಲೋಹತಜ್ಞೆ, ಮೊನ್ನೆ ಸಿಡಿದ ಹಬೆ ಟ್ಯಾಂಕಿನ ತುಂಡುಗಳನ್ನು ಟಾರ್ಚು ಹಿಡಿದು ನೋಡುತ್ತಿದ್ದಾರೆ. ಹನ್ನೊಂದು ತುಂಡು. ಹನ್ನೊಂದೂ ಬೆಳಗಿದ ಪಾತ್ರೆಯಂತೆ ಫಳಫಳ. ಆಕೆಯ ಮುಖ ಕಪ್ಪಿಡುತ್ತದೆ.

“ಯಾರು ಉಜ್ಜಿದ್ದು?”

ಮೂಲೆಯಲ್ಲಿ ನಿಂತ ವೆಲ್ಡರ್ ತಲೆ ತಗ್ಗಿಸುತ್ತಾನೆ. ಟ್ಯಾಂಕಿನ ಆಪರೇಟರ್ ಅವನ ಸ್ವಂತ ಅಣ್ಣ. ಕೈ ಸುಟ್ಟುಕೊಂಡು ಆಸ್ಪತ್ರೆಯಲ್ಲಿದ್ದಾನೆ. ಒತ್ತಡ ಏರುತ್ತಿದ್ದರೂ ಸುಮ್ಮನಿದ್ದ ಎಂದು ಆಡಳಿತ ತಪ್ಪನ್ನೆಲ್ಲ ಅವನ ತಲೆಗೆ ಕಟ್ಟಿದೆ. ಮಧ್ಯಾಹ್ನ ವಿಚಾರಣೆ, ಜೈಲೂ ಆಗಬಹುದು. ತುಕ್ಕು ಕಂಡರೆ ಟ್ಯಾಂಕು ನೋಡಿಕೊಳ್ಳಲಿಲ್ಲವೆಂದು ಅಣ್ಣನಿಗೆ ಇನ್ನಷ್ಟು ಕೆಟ್ಟ ಹೆಸರೆಂದು ಇವನು ತಂತಿಬ್ರಷ್ಷಿನಿಂದ ಎಲ್ಲವನ್ನೂ ತಿಕ್ಕಿದ್ದಾನೆ.

“ನಿಮ್ಮಣ್ಣನ ಪರ ಇದ್ದ ಸಾಕ್ಷೀನ ನೀನೇ ಅಳಿಸ್ಬಿಟ್ಟಲ್ಲೋ ಪುಣ್ಯಾತ್ಮ.”

ಲೋಹ ಆಗಷ್ಟೇ ಸೀಳಿದ್ದರೆ ಒಳಗೆ ಬೂದುಬಣ್ಣ. ಹಳೆಯ ಬಿರುಕಾದರೆ ಕಪ್ಪು ತುಕ್ಕು. ಇಪ್ಪತ್ತಾರು ವರ್ಷಗಳಲ್ಲಿ ನಾನೂರಕ್ಕೂ ಹೆಚ್ಚು ಬಾಯ್ಲರು, ಟ್ಯಾಂಕುಗಳಲ್ಲಿ ಆಕೆ ಹುಡುಕಿದ್ದು ಇದನ್ನೇ. ಕಾರ್ಮಿಕರ ಬಾಯಲ್ಲಿ ಆಕೆ ಬಿರುಕಮ್ಮ. ವರದಿಗಳಲ್ಲಿ ಕೊನೆಯ ಪುಟದ ಸಹಿ. ಕುಕ್ಕರ್ ಕೂಗಿದರೆ ಓಡುತ್ತಾಳೆ, ನಾನು ಕೂಗಿದರೆ ಕೇಳಿಸುವುದಿಲ್ಲ ಎಂದು ಮನೆಯಲ್ಲಿ ಗಂಡ ರೇಗಿಸುತ್ತಾರಂತೆ.

ಎಂಟು ಗಂಟೆಗೆ, ಏಣಿ ಸಿಕ್ಕಿಸಲೆಂದು ಟ್ಯಾಂಕಿಗೆ ಬೆಸೆದ ಕಬ್ಬಿಣದ ಪಟ್ಟಿಯ ಅಡಿಯಲ್ಲಿ ಕೂದಲೆಳೆಯಂಥ ಗೆರೆ ಕಾಣುತ್ತದೆ. ಪೂರ್ತಿ ಸೀಳದೆ ಉಳಿದ ಬಿರುಕು. ಬ್ರಷ್ಷು ಒಳಗೆ ಹೋಗಿಲ್ಲ. ಪಟ್ಟಿ ಬೆಸೆದವರು ಯಾರೆಂದು ಕೇಳುತ್ತಾರೆ.

“ನಾನೇ ಅಕ್ಕಾ. ಸೂಪರ್‌ವೈಸರ್ ಹೇಳಿದ್ರು.”

ಆಕೆ ಆ ಭಾಗವನ್ನು ಕತ್ತರಿಸಿ, ಅವನ ಜೊತೆ ಪ್ರಯೋಗಾಲಯಕ್ಕೆ ಒಯ್ದು ಹಿಮಕ್ಕಿಂತ ಎಷ್ಟೋ ತಣ್ಣಗಿನ ದ್ರವ ಸಾರಜನಕದಲ್ಲಿ ಅದ್ದುತ್ತಾರೆ. ಮರಗಟ್ಟಿದ ಲೋಹ ಒಂದೇಟಿಗೆ ಬಾಯಿಬಿಡಬೇಕು. ಬೂದು ಕಂಡರೆ ತಪ್ಪು ಅಣ್ಣನ ಕೊರಳಿಗೆ; ಕಪ್ಪು ಕಂಡರೆ ಬಿರುಕು ಹುಟ್ಟಿದ್ದು ಬೆಸುಗೆಯಿಂದ, ತಪ್ಪು ತಮ್ಮನ ಕೊರಳಿಗೆ. ಸುತ್ತಿಗೆ ಎತ್ತುವ ಮುನ್ನ, ಬೇಕಿದ್ದರೆ ಹೊರಗಿರು ಎಂದು ವೆಲ್ಡರಿಗೆ ಹೇಳುತ್ತಾರೆ. ಅವನು ಕದಲುವುದಿಲ್ಲ.

ಒಂದೇಟು.

ಒಳಗೆ ಇದ್ದಲಿನಂಥ ಕಪ್ಪು. ತಿಂಗಳುಗಟ್ಟಲೆ ಹಳೆಯ ಬಿರುಕು. ಇಷ್ಟಿದ್ದ ಮೇಲೆ ಟ್ಯಾಂಕು ಸಿಡಿಯಲು ಒತ್ತಡ ಏರಬೇಕಾಗಿಯೇ ಇರಲಿಲ್ಲ.

ವೆಲ್ಡರ್ ಗೋಡೆಗೊರಗಿ ಕುಳಿತುಬಿಡುತ್ತಾನೆ. “ನನ್ನ ಹೆಸರು ಬರ್ಕೊಳ್ಳಿ ಅಕ್ಕಾ. ಅಣ್ಣ ಮನೆಗೆ ಬರ್ಲಿ.”

“ಬರೀತೀನಿ. ಬೆಸೆಯೋಕೆ ಹೇಳಿದೋರ್ದೂ ಬರೀತೀನಿ, ಬೆಸೆದ್ಮೇಲೆ ಪರೀಕ್ಷೆ ಮಾಡಿಸದೆ ಬಿಟ್ಟೋರ್ದೂ. ಎದ್ದೇಳು, ನೀರು ಕುಡಿ.”

ಹನ್ನೊಂದಕ್ಕೆ ವಿಚಾರಣೆಗೆ ವರದಿ ಹೋಗುತ್ತದೆ. ಆಕೆ ಕೈ ತೊಳೆಯುತ್ತಾರೆ. ಈ ಕೆಲಸದಲ್ಲಿ ನಿಮಗೇನು ಆಸೆ ಎಂದು ಯಾರಾದರೂ ಕೇಳಿದರೆ ಹೇಳುತ್ತಾರೆ: “ಒಡೆಯೋಕೆ ಮುಂಚೆ ಕರೀರಿ ಅಂತೀನಿ, ಅಷ್ಟೇ. ಹಾಗೆ ಕರೆದೋರು ಇಷ್ಟು ವರ್ಷದಲ್ಲಿ ಮೂರೇ ಜನ. ಆ ಮೂರು ಟ್ಯಾಂಕೂ ಇವತ್ತಿಗೂ ಕೆಲ್ಸ ಮಾಡ್ತಿವೆ.”