ಒಂದೂ ಕೋಳಿ ಕಾಣಲಿಲ್ಲ

ನಿಜವನ್ನೇ ಹೇಳಿ ನಾನು ನನ್ನ ಗಂಡನಿಗೆ ಮೋಸ ಮಾಡಿದೆ. ಅವರು ಹೋಗಿಬಿಟ್ಟರು, ಇನ್ನು ಅವರಿಗೆ ಹೇಳಿ ಏನು ಬಂತು. ಆದರೆ ಆ ಮೋಸ ಬಯಲಾಗಬಾರದೆಂದು ಇನ್ನೊಬ್ಬ ಹೆಂಗಸಿನ ಬಾಯಿ ಮುಚ್ಚಿಸಿದೆ — ದೊಡ್ಡ ತಪ್ಪು ಅದು.

ನಮ್ಮ ಮಗಳು ಶಾರದಾ ಕುಷಾಯಿಗೂಡದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಜೊತೆಗೆ ಕೆಲಸ ಮಾಡುವ ಮುಂಬಯಿಯ ವಿನಾಯಕನನ್ನು ಬಿಟ್ಟರೆ ಬೇರೆ ಯಾರೂ ಬೇಡ ಅಂದಳು. ಹುಡುಗ ಮನೆಗೆ ಬಂದು ಮುಚ್ಚುಮರೆ ಇಲ್ಲದೆ ಹೇಳಿದ: "ಹಮ್ ಕೋಳೀ ಲೋಗ್. ಘರ್ ಕೋಳಿವಾಡಾ ಮೇ."

ಮರಾಠಿಯಲ್ಲಿ ಕೋಳಿ ಎಂದರೆ ಮೀನು ಹಿಡಿಯುವವರು, ಕೋಳಿವಾಡಾ ಅವರ ಕೇರಿ. ನನ್ನ ಗಂಡನ ಕಿವಿಗೆ ಬಿದ್ದದ್ದು ಕೂಗುವ ಕೋಳಿ. ನಾನು ಬೀದರಿನವಳು, ಮರಾಠಿ ಬಲ್ಲವಳು. ತಿದ್ದಬಹುದಿತ್ತು — ತಿದ್ದಲಿಲ್ಲ.

"ಕೋಳಿ ಸಾಕೋ ಮನಿಗೆ ಮಗಳ್ನ ಕೊಡ್ಲೇನು?" ಅಂದರು. ಮೊಟ್ಟೆ ಎಂಬ ಮಾತನ್ನೂ ಅಡುಗೆಮನೆಗೆ ಬಿಡದ ಮನುಷ್ಯ. ಮೊಣಕಾಲು ನೋವು, ತಾವು ಹೋಗಲಾರರು. "ನೀನ ಹೋಗಿ ನೋಡಿ ಬಾ. ಒಂದು ಕೋಳಿ ಕಂಡ್ರೂ ಈ ಸಂಬಂಧ ಬ್ಯಾಡ."

ಹುಡುಗನೇ ರೈಲಿನಲ್ಲಿ ಕರೆದೊಯ್ದ. ಮಹಡಿ ಮೇಲೆ ಮಹಡಿ ಏರಿದ ಕಟ್ಟಡಗಳ ಬೆನ್ನಿಗೆ, ಸಮುದ್ರದ ಅಂಚಿಗೆ ಒಂದು ಹಳ್ಳಿ — ಆ ಪಟ್ಟಣಕ್ಕಿಂತ ಮೊದಲಿನದು. ತುದಿಗೆ ಹಳೆಯ ಕಲ್ಲುಕೋಟೆ. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿಕೊಳ್ಳಬೇಕು, ಅಂಥ ಓಣಿ. ದಂಡೆಯಲ್ಲಿ ಬಿದಿರಿಗೆ ಸಾಲಾಗಿ ಏನೋ ಬೆಳ್ಳಗೆ ತೂಗುತ್ತಿತ್ತು. ಕೋಲಿನ ಮೇಲೆ ಶ್ಯಾವಿಗೆ ಒಣಹಾಕಿದ್ದಾರೆ ಅಂದುಕೊಂಡೆ. ಹತ್ತಿರ ಹೋದರೆ ಕಣ್ಣು, ಬಾಯಿ — ಬೊಂಬಿಲ್ ಮೀನು! ಸೆರಗು ಮೂಗಿಗೆ ಹೋಯಿತು.

ಹುಡುಗನ ತಾಯಿ ಹಿರಾಬಾಯಿ ಅದನ್ನು ನೋಡಿದಳು. ಮೀನು ಮುಟ್ಟದ ಹೊಸ ಪಾತ್ರೆ ತಂದು ನನಗಾಗಿ ಬೇಳೆ ಬೇಯಿಸಿದ್ದಳು. ಅದನ್ನು ಉಂಡು, ಕೈ ತೊಳೆದು, ನಾನು ಮರಾಠಿಯಲ್ಲಿ ಹೇಳಿದ್ದು ಇದು:

"ಬಾಯಿ, ಮದಿವಿಗೆ ಬಂದಾಗ ಮೀನಿನ ಮಾತು ತೆಗೀಬ್ಯಾಡ್ರಿ. ಯಾರರ ಕೇಳಿದ್ರ ವ್ಯಾಪಾರ ಅನ್ರಿ."

ಅವಳು ಮೂಲೆಯಲ್ಲಿದ್ದ ಮೀನಿನ ಬುಟ್ಟಿಯ ಕಡೆ ನೋಡಿದಳು. ಗಂಡ ಸತ್ತ ಮೇಲೆ ಅದನ್ನು ಹೊತ್ತೇ ಮಗನನ್ನು ಓದಿಸಿದವಳು. "ಸುಳ್ಳೇನಲ್ಲ ಬಿಡ್ರಿ," ಅಂದಳು, "ಆದ್ರ..." ಆದರೆ ಏನು ಎಂದು ನಾನು ಕೇಳಲಿಲ್ಲ.

ಊರಿಗೆ ಬಂದು ಗಂಡನ ಮುಂದೆ ನಿಂತೆ: "ಎಲ್ಲಾ ಓಣಿ ತಿರುಗಿದೆ ನೋಡ್ರಿ. ಒಂದೂ ಕೋಳಿ ಕಾಣಲಿಲ್ಲ."

ಮದುವೆ ಆಯಿತು. ಗೆದ್ದೆ ಅಂತ ಬೀಗಿದೆ. ಮಗಳ ಸಂಸಾರ ನೋಡಿದರೆ ಇಂದಿಗೂ ಬೀಗುತ್ತೇನೆ, ಸುಳ್ಳೇಕೆ. ಹಿರಾಬಾಯಿ ಕೇಳಿದವರಿಗೆಲ್ಲ "ವ್ಯಾಪಾರ" ಅಂದಳು. "ಛಲೋ ಮಂದಿ," ಅಂದರು ನನ್ನ ಗಂಡ, ಸಾಯುವವರೆಗೂ. ಅವಳು ಮಾತ್ರ ನಮ್ಮ ಮನೆಗೆ ಬಂದಾಗಲೆಲ್ಲ ಕೈಗೆ ನಿಂಬೆಹಣ್ಣು ತಿಕ್ಕಿಕೊಂಡು ಬಂದು, ಒಂದು ಕಡೆ ಕೂತು, ಪಿಸುಮಾತಿನಲ್ಲಿ ಮಾತಾಡುತ್ತಿದ್ದಳು. ಅವಳ ದನಿಯೇ ಅಷ್ಟು ಅಂದುಕೊಂಡಿದ್ದೆ —

ಮೊನ್ನೆ ಮೊಮ್ಮಗಳ ನಿಶ್ಚಿತಾರ್ಥ. ಮನೆ ತುಂಬ ನೆಂಟರು. ನನ್ನ ನಾದಿನಿ ಲಾಡು ಮುರಿಯುತ್ತ ಕೇಳಿದಳು: "ವೈನೀ, ನಿಮ್ಮ ಬೀಗತೀದು ಎಂಥಾ ವ್ಯಾಪಾರ? ಸೀರೀದೋ, ಕಿರಾಣೀದೋ? ಇಷ್ಟು ವರ್ಷ ಆತು, ಒಬ್ರೂ ಹೇಳವಲ್ರಿ."

ಹಿರಾಬಾಯಿ ತಲೆ ತಗ್ಗಿಸಿದಳು. ಆ ತಲೆ ನೋಡಿ ನನಗೆ ಸಾಕಾಯಿತು.

"ಮೀನಿಂದು," ಅಂದೆ, ಎಲ್ಲರಿಗೂ ಕೇಳುವಂತೆ. "ಬುಟ್ಟಿ ಹೊತ್ತು ಮೀನು ಮಾರ್ಯಾಳ."

ಲಾಡು ಬಾಯಿಯ ಹತ್ತಿರವೇ ನಿಂತಿತು. "ಅಣ್ಣಗ ಗೊತ್ತಿತ್ತೇನು?"

"ಇಲ್ಲ. ನಾ ಹೇಳಲಿಲ್ಲ. ಆಕೀಗೂ ಹೇಳಗೊಡಲಿಲ್ಲ."

ಇಷ್ಟು ವರ್ಷಕ್ಕೆ ಹಿರಾಬಾಯಿಗೆ ಅಷ್ಟು ಕನ್ನಡ ಬಂದಿತ್ತು. ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಲಗ್ನದ ಮಾತಿಗೆ ಕೂತ ಆ ಮನೆಯ ನಡುವೆ ನಿಂತು, ಬಜಾರಿನಲ್ಲಿ ಮೀನು ಮಾರುವಾಗ ಕೂಗುವಂತೆ ಕೂಗಿದಳು: "ಪಾಪ್ಲೇಟ್! ಸುರಮಯೀ! ತಾಜೇ ಬೊಂಬೀಲ್!"

ಪಾತ್ರೆಗಳು ಝಲ್ಲೆಂದವು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. "ನಮ್ಮವ್ವ, ಏನ್ ದನಿರೀ ಇದು!" ಅಂದಳು ನಾದಿನಿ, ಲಾಡು ಮರೆತು.

ಓಣಿಯ ಕೊನೆಯವರೆಗೂ ಹೋಗುವ ದನಿ. ಅದನ್ನು ಇಷ್ಟು ವರ್ಷ ಪಿಸುಮಾತು ಮಾಡಿದವಳು ನಾನು.